ಹಗ್ಗ ಸಡ್ಲ ಬಿಡೂ ಹೊತ್ತು

ನಮಸ್ಕಾರ್ರಿ ಎಲ್ಲಾರಿಗೂ.

ಇವತ್ತ ಮುಂಜಾನೆ ನಾಕೂವರಿಗೆ ತಬೇಲಾದ ಬಾಗ್ಲಾ ತಗದು ನಾ ಮೊದ್ಲ ನೋಡಿದ್ದು ಕುದರಿ ಮಾರಿ ಅಲ್ರಿ, ಲದ್ದಿ. ರಾತ್ರಿ ಎಷ್ಟ್ ಸಲ ಹಾಕ್ಯಾವ, ಉಂಡಿ ಉಂಡಿ ಬಿದ್ದೈತೋ, ಒಣಗೇತೋ, ನೀರಾಗೇತೋ, ಇದನ್ನ ನೋಡಿದ ಮ್ಯಾಲನ ನಮಗ ಚಾ. ಕುದರಿ ಪಳಗಿಸವ್ರು ಅಂದ್ರ ಮಂದಿ ಕಣ್ಣಾಗ ಚಾಬೂಕು, ದೊಡ್ಡ ಬೂಟು, ಧೂಳೆಬ್ಬಿಸೂ ಓಟ ಬರ್ತೈತಿ, ಖರೇ ಹೇಳ್ಬೇಕಂದ್ರ ನಮ್ಮ ದಿನದಾಗ ಅರ್ಧಕ್ಕಿಂತ ಜಾಸ್ತಿ ಲದ್ದಿ, ಗೊರಸು, ಹುಲ್ಲು, ನೀರು ಇದರಾಗ ಹೋಗತೈತಿ.

ನಮ್ಮಜ್ಜ ಹುಬ್ಬಳ್ಳಿ ಸ್ಟೇಷನ್ ಮುಂದ ಟಾಂಗಾ ಹೊಡೀತಿದ್ದ. ಆಟೋ ಬಂದ್ವು, ಟಾಂಗಾ ನಿಂತ್ವು, ನಮ್ಮಪ್ಪ ಕುದರಿ ಬಿಟ್ಟು ಗ್ಯಾರೇಜ್ ಕೆಲಸಕ್ಕ ಹೋದ. ನಾನು ಹೊಳ್ಳಿ ಕುದರಿ ಕಡೇನ ಬಂದೆ. ಹದಿನಾರಕ್ಕ ಮೈಸೂರಿಗೆ ಹೋದೆ, ಅಲ್ಲಿ ಚಾಮುಂಡಿ ಬೆಟ್ಟದ ಬುಡಕ್ಕ ರೇಸ್‌ಕೋರ್ಸ್ ಐತೆಲ್ಲ, 1891ರಾಗ ಶುರುವಾದ ಕ್ಲಬ್ಬದು, ಅಲ್ಲೇ ಒಬ್ಬ ಟ್ರೇನರ್ ಕೈಕೆಳಗ ಸೈಸ್ ಆಗಿ ಸೇರ್ಕೊಂಡೆ. ಸೈಸ್ ಅಂದ್ರ ಕುದರಿ ಮೈ ತಿಕ್ಕೂದು, ಮೇವು ಹಾಕೂದು, ಅದರ ಜೋಡಿನ ಮಲಗೂದು. ಕತ್ತಲಿರ್ತನ ಟ್ರ್ಯಾಕಿಗೆ ಹೋಗ್ಬೇಕು, ಟ್ರೇನರ್ ಸಾಹೇಬ್ರು ಕೈಯಾಗ ಸ್ಟಾಪ್‌ವಾಚ್ ಹಿಡ್ಕೊಂಡು ನಿಂದ್ರತಿದ್ರು, ಇವತ್ತ ಯಾವ ಕುದರಿ ಬರೀ ನಡೀಬೇಕು, ಯಾವುದು ದುಡಕಿ, ಯಾವುದು ಕಡೀ 600 ಮೀಟರ್ ಜೋರಾಗಿ ಓಡ್ಬೇಕು ಅಂತ ಎಲ್ಲಾ ಅವರ ತಲ್ಯಾಗ ಇರ್ತಿತ್ತು. ಓಡಿಸಿ ತಂದ್ಮ್ಯಾಲ ಬಗ್ಗಿ ಮುಂಗಾಲಿನ ನರದ ಮ್ಯಾಲ ಕೈ ಇಡ್ತಿದ್ರು, ಮೊದ್ಲ ಬಲಗಾಲು ಆಮ್ಯಾಲ ಎಡಗಾಲು, ಎರಡರಾಗ ಯಾವುದು ಬಿಸಿ ಐತಿ ಅಂತ. ಥರ್ಮಾಮೀಟರಿಗೆ ಸಿಗಲಾರದ ಬಿಸಿ ಅವರ ಅಂಗೈಗೆ ಸಿಗ್ತಿತ್ತು, ಕುದರಿ ಕುಂಟೂದಕ್ಕ ಎರಡ್ಮೂರ್ ದಿನ ಮೊದ್ಲ ಅದನ್ನ ನಿಲ್ಲಿಸಿಬಿಡ್ತಿದ್ರು. ಮಾಲಕರು ಫೋನ್ ಮಾಡಿ ಸಿಟ್ಟಾಗ್ತಿದ್ರು, ಸುಮ್ನ ಕೇಳ್ಕೋತಿದ್ರು, ಕುದರಿ ಮಾತ್ರ ಹೊರಗ ಬಿಡ್ತಿರಲಿಲ್ಲ. ನಾ ಕಲ್ತ ಮೊದಲ್ನೇ ಪಾಠ ಅದು.

ಮೈಸೂರಾಗ ಇನ್ನೊಂದು ನೋಡಿದ್ದು ಹೇಳ್ಬೇಕು. ವಿಜಯದಶಮಿಗೆ 21 ಕುಶಾಲತೋಪು ಹಾರಸ್ತಾರಲ್ಲ, ಆ ಸದ್ದಿಗೆ ಆನಿ ಕುದರಿ ಬೆದರಬಾರ್ದು ಅಂತ ದಸರಾಕ್ಕಿಂತ ಮೊದ್ಲ ತೋಪು ಹಾರಿಸೂ ತಾಲೀಮು ಮಾಡಸ್ತಾರ. ಪೊಲೀಸ್ ಅಶ್ವದಳದ ಕುದರಿ ಸಾಲಾಗಿ ನಿಂತಿರ್ತಾವ, ಮೊದಲ್ನೇ ತೋಪಿಗೆ ಒಂದೆರಡು ಜಿಗದೇ ಜಿಗೀತಾವ, ಮ್ಯಾಲಿದ್ದವ್ರು ಹೊಡ್ಯೂದಿಲ್ಲ, ಬೈಯೂದಿಲ್ಲ, ಕುತ್ತಿಗಿ ಸವರಿಕೋತ ಹಂಗ ಕುಂತಿರ್ತಾರ. ಮೂರ್ನಾಕು ತೋಪಾದ್ಮ್ಯಾಲ ನೋಡ್ರಿ, ಕಿವಿ ಅಷ್ಟ ಅಲ್ಲಾಡ್ತಾವ, ಕಾಲು ಅಲ್ಲಾಡೂದಿಲ್ಲ. ಈಗ ನಾ ಧಾರವಾಡದಾಗ ಮದವಿ ಮೆರವಣಿಗಿ ಕುದರಿಗೆ ಮಾಡ್ಸೂದೂ ಇದನ್ನ, ತೋಪಿನ ಬದ್ಲಿ ಡಿಜೆ. ದೂರದಾಗ ಸ್ಪೀಕರ್ ಸಣ್ಣಂಗ ಹಚ್ಚಿ ಕಡ್ಲಿ ತಿನ್ನಾಕ ಕೊಡೂದು, ದಿನಾ ಹತ್ತು ಹೆಜ್ಜಿ ಸಮೀಪ ತರೂದು.

ಇದಕ್ಕ ದಿನ ಬೇಕ್ರಿ. ಮಂದಿ ಬಂದು "ಎಂಟು ದಿನದಾಗ ಕುಣಿಯೂದು ಕಲಸ್ರಿ, ರೊಕ್ಕ ಎಷ್ಟಾದ್ರೂ ಆಗ್ಲಿ" ಅಂತಾರ. ಸುಮಾರು 3,400 ವರ್ಷದ ಹಿಂದ ಈಗಿನ ಟರ್ಕಿ ದೇಶದ ಕಡೆ ಕಿಕ್ಕುಲಿ ಅಂತೊಬ್ಬ ಕುದರಿ ಪಳಗಿಸವ ಇದ್ದ, ಅವನ ತಾಲೀಮಿನ ಲೆಕ್ಕ ಮಣ್ಣಿನ ಹಲಗಿ ಮ್ಯಾಲ ಬರದಿಟ್ಟದ್ದು ಸಿಕ್ಕೈತಿ. ರಥದ ಕುದರಿ ತಯಾರಾಗಾಕ 184 ದಿನದ ಲೆಕ್ಕ, ಯಾವ ದಿನ ಎಷ್ಟು ಓಟ, ಎಷ್ಟು ಮೇವು, ಯಾವಾಗ ನೀರು, ಯಾವಾಗ ಮೈ ತೊಳೀಬೇಕು ಎಲ್ಲಾ ಐತಿ. ನನಗ ರೋಮಾಂಚನ ಆಗಿದ್ದು ಯಾವುದಂದ್ರ ಅದರಾಗ ಸುತ್ತು ಎಣಿಸಾಕ ಇರೂ ಶಬ್ದ, ಐಕ, ತೇರ, ಪಂಜ, ಸತ್ತ, ಅಂದ್ರ ನಮ್ಮ ಏಕ, ತ್ರಿ, ಪಂಚ, ಸಪ್ತನ! ಅಷ್ಟ್ ಹಳೇ ಕಾಲದಾಗ ಅಷ್ಟ್ ದೂರದಾಗ ಯಾರೋ ಒಬ್ಬ ನಮ್ಮಂಗ ಮುಂಜಾನೆ ಎದ್ದು ಕುದರಿ ಸುತ್ತು ಎಣಿಸ್ತಿದ್ದ.

ಈ ಕಡೆ ಶರ್ಯತ್ತಿನ ಹುಚ್ಚು ಬಾಳ. ಎರಡು ವರ್ಷದ ಮರಿ ತಂದು ಗಾಡಿಗೆ ಹೂಡ್ಕೊಡು ಅಂದ್ರ ನಾ ಒಲ್ಲೆ ಅಂತೀನಿ. ಬಾಯಿ ತಗದು ನೋಡಿದ್ರ ತಿಳೀತೈತಿ, ಎರಡೂವರಿ ವರ್ಷಕ್ಕ ಮುಂದಿನ ಹಾಲುಹಲ್ಲು ಬಿದ್ದು ಹೊಸಾವು ಬರಾಕ ಶುರು, ಐದರ ಹೊತ್ತಿಗೆ ಬಾಯಿ ಪೂರ್ತಿ ಆಗತೈತಿ, ಬೆನ್ನಿನ ಎಲುಬು ಗಟ್ಟಿಯಾಗೂದು ಅದಕ್ಕಿಂತ ತಡ. ಹಾಲುಹಲ್ಲಿನ ಕೂಸನ್ನ ಡಾಂಬರ್ ರಸ್ತೆ ಮ್ಯಾಲ ಓಡ್ಸಿದ್ರ ಆರು ವರ್ಷಕ್ಕ ಅದು ಮುದುಕ ಆಗಿರ್ತೈತಿ. ಹಿಂಗಂದು ಗಿರಾಕಿ ಕಳ್ಕೊಂಡೀನಿ, ಕಳ್ಕೊಂಡಿದ್ದಕ್ಕ ಬ್ಯಾಸರಿಲ್ಲ.

ಬ್ಯಾಸರ ಇರೂದು ಬ್ಯಾರೇ. ಎರಡು ವರ್ಷದ ಹಿಂದ ಗದಗ ಕಡೆ ಒಂದು ಮದವಿಗೆ ನನ್ನ ಬಿಳೀ ಕುದರಿ ಕರ್ಕೊಂಡು ಹೋಗಿದ್ದೆ, ಮೆರವಣಿಗಿ ಮುಗೀತು, ನಾ ಊಟಕ್ಕ ಹೋಗಿ ಬರೂದ್ರಾಗ ಮದವಿ ಮನಿಯವ್ರು ಪ್ರೀತೀಲೇ, ತಪ್ಪು ಅನ್ಕೊಂಡಲ್ಲ, ಒಂದು ಬುಟ್ಟಿ ಉಳದ ಅನ್ನ ಬುಂದೆ ಎಲ್ಲಾ ಅದರ ಮುಂದ ಸುರದಾರ. ಕುದರಿ ವಾಂತಿ ಮಾಡಾಕ ಬರೂದಿಲ್ರಿ, ದೇವರು ಅದಕ್ಕ ಆ ದಾರೀನ ಇಟ್ಟಿಲ್ಲ, ಅಷ್ಟ್ ದೊಡ್ಡ ಮೈಗೆ ಹೊಟ್ಟಿ ಚೀಲ ಸಣ್ಣದು, ಒಳಗ ಹೋಗಿದ್ದು ಹುಳಿತು ಅಂದ್ರ ಉಬ್ಬತೈತಿ. ರಾತ್ರಿ ಹನ್ನೊಂದಕ್ಕ ಹೊಳ್ಳಿ ಹೊಳ್ಳಿ ತನ್ನ ಪಕ್ಕಡಿ ನೋಡ್ಕೊಳ್ಳಾಕ ಹತ್ತಿತು, ಮುಂಗಾಲಿಂದ ನೆಲಾ ಕೆರೀತಿತ್ತು, ಬೆವತಿತ್ತು. ದವಡಿ ಕೆಳಗ ಬೆರಳಿಟ್ಟು ನಾಡಿ ಹಿಡದೆ, ನಿಮಿಷಕ್ಕ 40ರ ಸುಮಾರು ಇರಬೇಕಾದ್ದು 70 ದಾಟಿತ್ತು. ಕುದರಿ ನೋಡಿ ರೂಢಿ ಇದ್ದ ಡಾಕ್ಟರ್ ಸಿಗಾಕ ಮೂರು ತಾಸು ಆತು. ಅಲ್ಲೀತನ ಅದು ಬಿದ್ದು ಹೊರಳಬಾರ್ದು ಅಂತ ಹಗ್ಗ ಹಿಡ್ಕೊಂಡು ಹೊಲದ ದಾರ್ಯಾಗ ನಡಸ್ಕೋತ ಹೋದೆ, ಅದಕ್ಕೂ ನಡ್ಯಾಕ ಆಗವಲ್ದು ನನಗೂ ಆಗವಲ್ದು. ಡಾಕ್ಟರ್ ಬಂದು ಮೂಗಿನಾಗಿಂದ ನಳಿಗಿ ಇಳಿಸಿ ಗ್ಯಾಸ್ ತಗದ್ರು. ಬೆಳಗ್ಗೆ ಆರರ ಹೊತ್ತಿಗೆ ಒಂದು ಉಂಡಿ ಲದ್ದಿ ಹಾಕ್ತು, ನಾ ಅಲ್ಲೇ ಬದುವಿನ ಮ್ಯಾಲ ಕುಂತು ಅತ್ತೀನಿ. ಮದವಿಗೆ ಕುದರಿ ಕರಸವ್ರು ಇದ್ದೀರಿ, ಕೈಮುಗದು ಕೇಳ್ಕೋತೀನಿ, ಹಸೀ ಹುಲ್ಲಾಗ್ಲಿ ಮತ್ತೊಂದಾಗ್ಲಿ, ನಮ್ಮನ್ನ ಕೇಳ್ದ ಏನೂ ತಿನ್ನಾಕ ಹಾಕಬ್ಯಾಡ್ರಿ.

ಇನ್ನ ಉಳದ ಕೆಲಸ, ಐತ್ವಾರ ಮಕ್ಕಳಿಗೆ ಸವಾರಿ ಕಲಸೂದು, ನಾಲಬಂದ್ ಮಾಡವ್ರು ಕಡಿಮಿ ಆಗ್ಯಾರಂತ ಆರೇಳು ವಾರಕ್ಕೊಮ್ಮೆ ಗೊರಸು ನಾನ ಕೆತ್ತೂದು, ಯಾರರ ಕುದರಿ ಕೊಳ್ಳಾಕ ಹೊಂಟ್ರ ಜೋಡಿ ಹೋಗಿ ಹಲ್ಲು ಕಾಲು ನೋಡೂದು. ತಾಯಿ ತಂದಿ ಕೇಳ್ತಾರ, ಸವಾರಿ ಕಲ್ತ್ರ ಮುಂದೇನು ಅಂತ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಾಗ ಎರಡು ಬೆಳ್ಳಿ ತಂದು ಟೋಕಿಯೋ ಒಲಿಂಪಿಕ್ಸಿಗೆ ಹೋಗಿ ಬಂದ್ರು ಅಂತ ಹೇಳ್ತೀನಿ.

ಈಗ ನನ್ನ ಕಡೆ ಒಂದು ಕೆಂದು ಬಣ್ಣದ ಹೆಣ್ಣು ಕುದರಿ ಐತಿ, ನಾಕು ವರ್ಷದ್ದು, ಹಾವೇರಿ ಕಡೇದವ್ರು ಬಿಟ್ಟು ಹೋಗ್ಯಾರ. ನೀರು ನಿಂತ ತಗ್ಗು ಕಂಡ್ರ ದಾಟೂದಿಲ್ಲ. ಅಲ್ಲಿ ನಾಕು ಮಂದಿ ಕೂಡಿ ಹಗ್ಗ ಜಗ್ಗಿ, ಹಿಂದಿಂದ ಬಾರ್ಕೋಲ್ ಹಾಕಿ ನೋಡ್ಯಾರಂತ. 400 ಕೆಜಿ ಜೀವ ಜಗ್ಗಿದ್ರ ಅದೂ ಹಿಂದಕ್ಕ ಜಗ್ಗತೈತಿ, ಅದರ ಸ್ವಭಾವನ ಅದು. ನಾವು ಮಾಡೂದು ಇಷ್ಟ, ಹಗ್ಗ ಚೂರು ಬಿಗಿ ಹಿಡ್ಯೂದು, ಅದು ಒಂದು ಬೆರಳಷ್ಟು ಮುಂದ ವಾಲಿತೋ ಆ ಕ್ಷಣಕ್ಕ ಸಡ್ಲ ಬಿಡೂದು. ಜಗ್ಗಿದ್ದರಿಂದ ಕಲಿಯೂದಿಲ್ಲ ಅದು, ಬಿಟ್ಟಿದ್ದರಿಂದ ಕಲೀತೈತಿ. ಅರ್ಧ ಸೆಕೆಂಡ್ ತಡಾ ಮಾಡಿ ಬಿಟ್ರ ತಪ್ಪು ಪಾಠ ಹೋಗತೈತಿ.

ಮೊದಲ ವಾರ ಆಗ್ಲೇ ಇಲ್ಲ. ಆಮ್ಯಾಲ ನನಗ ಗೊತ್ತಾತು, ತಗ್ಗು ಬಂದ್ಕೂಡ್ಲೇ ಈಗ ನಿಂದ್ರತೈತಿ ಅಂತ ನಾನ ಉಸಿರು ಬಿಗಿ ಹಿಡೀತಿದ್ದೆ. ಕುದರಿಗೆ ಅದು ಸಾಕು. ಬರ್ಲಿನ್‌ನಾಗ ಹಾನ್ಸ್ ಅಂತ ಒಂದು ಕುದರಿ ಕಾಲು ಬಡದು ಲೆಕ್ಕದ ಉತ್ತರ ಹೇಳ್ತೈತಿ ಅಂತ ಹೆಸರಾಗಿತ್ತು, 1907ರಾಗ ಫಂಗ್ಸ್ಟ್ ಅನ್ನೋ ಮನಶ್ಶಾಸ್ತ್ರಜ್ಞರು ಪರೀಕ್ಷಾ ಮಾಡಿ ನೋಡಿದ್ರ, ಅದು ಲೆಕ್ಕ ಮಾಡ್ತಿರಲಿಲ್ಲ, ಎದುರಿದ್ದವರ ತಲಿ ಕೂದಲೆಳಿಯಷ್ಟು ಅಲ್ಲಾಡಿದ್ದು ನೋಡಿ ಕಾಲು ಬಡಿಯೂದು ನಿಲ್ಲಸ್ತಿತ್ತು. ಅಂಥಾ ಕಣ್ಣದು. ಅದಕ್ಕ ನಾ ಮೊದ್ಲ ನನ್ನ ಉಸಿರು ಸರಿ ಮಾಡ್ಕೊಂಡೆ, ಸುಮ್ನ ಒಂದು ಹಳೇ ಭಜನಿ ಪದ ಗುನುಗ್ಕೋತ ತಗ್ಗಿನ ಬಾಜೂಕ ನಿಂತೆ, ಹಗ್ಗ ಪೂರ್ತಿ ಸಡ್ಲ.

ನಿನ್ನೆ ಸಂಜೀಕ ಕುತ್ತಿಗಿ ಕೆಳಗ ಬಿಟ್ಟು ನೀರಿನ ವಾಸನಿ ನೋಡ್ತು, ತುಟಿ ನೆಕ್ಕೊಂಡು ಬಾಯಿ ಮೆಲಕಾಡಿಸ್ತು, ಆಮ್ಯಾಲ ಬಲಗಾಲು ಎತ್ತಿ ನೀರಾಗ ಇಟ್ತು. ಒಂದ ಕಾಲು. ನಾ ಅಲ್ಲಿಗೆ ಬಿಟ್ಟು ತಬೇಲಾಕ್ಕ ಕರ್ಕೊಂಡು ಬಂದೆ. ಇನ್ನ ಮೂರು ಕಾಲು ಉಳದಾವ, ಇಲ್ಲಿಂದ ಹೋಗಿ ಸಂಜೀಕ ಮತ್ತ ಅಲ್ಲೇ ನಿಂದ್ರೂದೈತಿ. ಬರ್ತೀನ್ರಿ, ನಮಸ್ಕಾರ.