ಮರಿ ಮನೆಗೆ ಬಂದ ಮೊದಲ ರಾತ್ರಿಗಳು

ಕೇಳುಗರಿಗೆ ನಮಸ್ಕಾರ.

ಹೊಸದಾಗಿ ನಾಯಿಮರಿ ತಂದ ಮನೆಯನ್ನು ಮಾರನೇ ದಿನ ಬೆಳಿಗ್ಗೆ ಗುರುತು ಹಿಡಿಯುವುದು ಸುಲಭ. ಮನೆಯವರೆಲ್ಲರ ಕಣ್ಣು ಕೆಂಪಗಿರುತ್ತದೆ. ಹಗಲೆಲ್ಲ ಮುದ್ದಾಗಿ ಆಡಿಕೊಂಡಿದ್ದ ಮರಿ, ದೀಪ ಆರಿಸಿದ ಹತ್ತೇ ನಿಮಿಷಕ್ಕೆ ಕುಂಯ್ ಕುಂಯ್ ಅಂತ ಶುರು ಮಾಡುತ್ತದೆ. ನಡುರಾತ್ರಿ ಹೊತ್ತಿಗೆ ಅದು ಊರಿಗೇ ಕೇಳುವ ಕೂಗಾಗಿರುತ್ತದೆ. ಬೆಳಿಗ್ಗೆ ಹಾಲು ತರಲು ಹೋದಾಗ ಪಕ್ಕದ ಮನೆಯವರು, "ಏನ್ರೀ, ಮರಿ ತಂದ್ರಾ?" ಅಂತ ಕೇಳುತ್ತಾರೆ. ಅದು ಕುಶಲ ವಿಚಾರಿಸಿದ್ದೋ, ದೂರು ಹೇಳಿದ್ದೋ ಗೊತ್ತಾಗುವುದಿಲ್ಲ.

ಸಲಹೆಗಳಿಗೆ ಮಾತ್ರ ಬರವಿಲ್ಲ. "ಅಳಲಿ ಬಿಡಿ, ಎರಡು ದಿನ ಅತ್ತು ಸುಮ್ಮನಾಗುತ್ತದೆ. ಹೋಗಿ ಮಾತಾಡಿಸಿದರೆ ಅದೇ ಚಟವಾಗುತ್ತದೆ." ನನಗೆ ಈ ಮಾತು ಒಪ್ಪಿಗೆ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ಮರಿಯ ಕಡೆಯಿಂದ ನೋಡಿ. ಹುಟ್ಟುವಾಗ ಅದಕ್ಕೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ. ಕಣ್ಣು ಬಿಡಲು ಹೆಚ್ಚುಕಮ್ಮಿ 2 ವಾರ ಬೇಕು. ಕಿವಿ ತೆರೆಯಲು ಇನ್ನೂ ಸ್ವಲ್ಪ ದಿನ. ಮೈಯ ಬಿಸಿ ಉಳಿಸಿಕೊಳ್ಳುವುದೂ ಆಗ ಬರುವುದಿಲ್ಲ. ಅದಕ್ಕೇ ಮರಿಗಳೆಲ್ಲ ಒಂದರ ಮೇಲೊಂದು ಬಿದ್ದುಕೊಂಡು, ತಾಯಿಯ ಹೊಟ್ಟೆಗೆ ಒತ್ತಿಕೊಂಡು ನಿದ್ದೆ ಮಾಡುತ್ತವೆ. ನಿಮ್ಮ ಮನೆಗೆ ಬರುವ ತನಕ ಆ ಮರಿ ಒಂದು ರಾತ್ರಿಯೂ ಒಂಟಿಯಾಗಿ ಮಲಗಿಲ್ಲ. ಕೂಗಿದರೆ ಅಮ್ಮ ಬರುತ್ತಾಳೆ ಅನ್ನುವುದಷ್ಟೇ ಅದಕ್ಕೆ ಗೊತ್ತು. ಹಾಗಾಗಿ ಕೂಗುತ್ತದೆ. ಇದರಲ್ಲಿ ಹಠ ಎಲ್ಲಿ ಬಂತು?

ಇಲ್ಲಿ ವಯಸ್ಸಿನ ಮಾತೂ ಇದೆ. ನಮ್ಮ ದೇಶದಲ್ಲಿ 2017ರಲ್ಲಿ ಬಂದ ನಾಯಿ ಸಾಕಣೆ ಮತ್ತು ಮಾರಾಟದ ನಿಯಮದ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆದರೂ ತಿಂಗಳ ಮರಿ, ನಲವತ್ತು ದಿನದ ಮರಿ ಅಂತ ಮಾರುವವರು ಇದ್ದಾರೆ, ತರುವವರೂ ಇದ್ದಾರೆ. ಅಷ್ಟು ಚಿಕ್ಕದನ್ನು ತಂದು, ರಾತ್ರಿ ಅಳುತ್ತದೆ ಅಂದರೆ ನಾನು ಏನು ಹೇಳಲಿ? ತಾಯಿಯ ಹತ್ತಿರ ಇನ್ನೂ ಮೂರು ವಾರ ಬಿಟ್ಟಿದ್ದರೆ ಅರ್ಧ ಕೆಲಸ ಅವಳೇ ಮುಗಿಸಿರುತ್ತಿದ್ದಳು.

ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಅನ್ನುವ ಇಬ್ಬರು ವಿಜ್ಞಾನಿಗಳು ವರ್ಷಗಟ್ಟಲೆ ನಾಯಿಮರಿಗಳ ಬೆಳವಣಿಗೆಯನ್ನು ಗಮನಿಸಿ 1965ರಲ್ಲಿ ಬರೆದಿಟ್ಟರು. ಹುಟ್ಟಿದ 3ನೇ ವಾರದಿಂದ ಸುಮಾರು 12ನೇ ವಾರದವರೆಗೆ ಮರಿಯ ಮನಸ್ಸು ತುಂಬ ಹಸಿಯಾಗಿರುತ್ತದೆ. ಯಾರು ನನ್ನವರು, ಯಾವುದಕ್ಕೆ ಹೆದರಬೇಕು ಅನ್ನುವುದೆಲ್ಲ ಆಗಲೇ ಬೇರೂರುತ್ತದೆ. ನಾವು ಮರಿಯನ್ನು ತರುವುದು ಸರಿಯಾಗಿ ಈ ಹೊತ್ತಿನಲ್ಲಿ. ಮಲಗುವ ಜಾಗ ಅಂದರೆ ಗಾಬರಿಯ ಜಾಗ ಅಂತ ಈಗ ತಲೆಗೆ ಹತ್ತಿದರೆ, ಆಮೇಲೆ ತಿದ್ದುವುದು ಕಷ್ಟ.

ಈಗ ಕ್ರೇಟ್ ವಿಷಯಕ್ಕೆ ಬರೋಣ. ಕಂಬಿಯದೋ ಪ್ಲಾಸ್ಟಿಕ್ಕಿನದೋ, ಬಾಗಿಲಿರುವ ಒಂದು ಗೂಡು. ಇದನ್ನು ಕಂಡ ಕೂಡಲೇ ಮನೆಯ ಹಿರಿಯರು ಕೇಳುತ್ತಾರೆ: "ಪಾಪದ ಕೂಸನ್ನ ಬೋನಿಗೆ ಹಾಕ್ತೀರೇನೋ?" ಅವರ ಮಾತನ್ನು ತಳ್ಳಿಹಾಕಬೇಡಿ. ಸ್ವೀಡನ್ ದೇಶದಲ್ಲಿ ಪ್ರಯಾಣ, ಸ್ಪರ್ಧೆಯಂಥ ಸಂದರ್ಭ ಬಿಟ್ಟರೆ ಚಿಕ್ಕ ಬೋನಿನಲ್ಲಿ ನಾಯಿಯನ್ನು ಕೂಡಿಡಲು ಕಾನೂನೇ ಒಪ್ಪುವುದಿಲ್ಲ. ಹಗಲಿಡೀ ಕ್ರೇಟಿನಲ್ಲಿ ಕೂಡಿಹಾಕಿ ಆಫೀಸಿಗೆ ಹೋಗುವುದಾದರೆ ಅಜ್ಜಿಯ ಮಾತೇ ಸರಿ. ರಾತ್ರಿ, ನೀವು ಪಕ್ಕದಲ್ಲಿರುವಾಗ, ವೈರು ಕಡಿಯದಂತೆ, ಕತ್ತಲಲ್ಲಿ ಯಾರೂ ತುಳಿಯದಂತೆ ಮಲಗಿಸಲು ಮಾತ್ರ ಅದು ಬಹಳ ಉಪಯೋಗದ ವಸ್ತು. ಮರಿ ತಾನು ಮಲಗಿದ ಜಾಗವನ್ನು ಆದಷ್ಟು ಗಲೀಜು ಮಾಡಿಕೊಳ್ಳುವುದಿಲ್ಲ. ಆ ಗುಣ ನಮ್ಮ ಕೆಲಸಕ್ಕೆ ಬರುತ್ತದೆ.

ಅಳತೆಯಲ್ಲಿ ಸುಮಾರು ಜನ ಎಡವುತ್ತಾರೆ. ಮರಿ ತಲೆ ತಗ್ಗಿಸದೆ ನಿಲ್ಲಬೇಕು, ಸುತ್ತು ತಿರುಗಬೇಕು, ಕಾಲು ಚಾಚಿ ಮಲಗಬೇಕು. ಅಷ್ಟು ಸಾಕು. ದೊಡ್ಡದಾದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಒಂದಕ್ಕೆ ಮಾಡಿಬಿಡುತ್ತದೆ. ಹಾಗಂತ ಎರಡು ತಿಂಗಳಿಗೊಂದು ಕ್ರೇಟ್ ಕೊಳ್ಳಲು ಆಗುತ್ತದಾ? ನಮ್ಮ ಮುಧೋಳ ತಳಿಯನ್ನೇ ತಗೊಳ್ಳಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿಂದ ಮರಿ ತಂದು ಸಾಕುವವರು ಈಗ ಪಟ್ಟಣಗಳಲ್ಲೂ ಇದ್ದಾರೆ. ತರುವಾಗ ಮಡಿಲಲ್ಲಿ ಹಿಡಿಸುವ ಮರಿ, ಬೆಳೆದಾಗ ಹೆಗಲ ಹತ್ತಿರ ಸುಮಾರು 70 ಸೆಂ.ಮೀ. ಎತ್ತರ ಬರುತ್ತದೆ. ಅದಕ್ಕೆ ದೊಡ್ಡ ಕ್ರೇಟನ್ನೇ ತಂದು, ಜೊತೆಗೆ ಬರುವ ಅಡ್ಡಗೋಡೆಯನ್ನು ಒಳಗೆ ನಿಲ್ಲಿಸಿ. ಮರಿ ಬೆಳೆದ ಹಾಗೆ ಗೋಡೆಯನ್ನು ಹಿಂದಕ್ಕೆ ಸರಿಸುತ್ತ ಹೋಗಿ.

ಮುಧೋಳದ ಮಾತು ಬಂತಲ್ಲ, ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅದಕ್ಕೆ ಮೈಮೇಲೆ ಕೊಬ್ಬಿಲ್ಲ, ಕೂದಲೂ ತೀರ ಗಿಡ್ಡ. ಧನುರ್ಮಾಸದ ಚಳಿಯಲ್ಲಿ ಕ್ರೇಟಿನ ಟ್ರೇ ಮೇಲೆ ತೆಳ್ಳಗೆ ಒಂದು ಟವೆಲ್ ಹಾಸಿ ಮಲಗಿಸಿದರೆ ಅದು ಅಳುವುದು ಚಳಿಗೆ. ನೀವು ಒಂಟಿತನ ಅಂದುಕೊಂಡು ಸಮಾಧಾನ ಮಾಡುತ್ತ ಕೂರುತ್ತೀರಿ. ಹಳೇ ಕೌದಿ ಇದ್ದರೆ ಮಡಚಿ ಹಾಕಿ, ಅದಕ್ಕಿಂತ ಒಳ್ಳೇ ಹಾಸಿಗೆ ಇಲ್ಲ. ದಾರ ಕಿತ್ತು ನುಂಗುತ್ತಿದೆಯಾ ಅಂತ ಮಾತ್ರ ನೋಡುತ್ತಿರಿ. ಕ್ರೇಟಿನ ಮೂರು ಬದಿಗೆ ಬೆಡ್‌ಶೀಟ್ ಇಳಿಬಿಡಿ, ನಿಮ್ಮ ಕಡೆಯ ಬದಿ ತೆರೆದಿರಲಿ. ಒಳಗೆ ಬಿಡುವಾಗ ಕೊರಳಪಟ್ಟಿ ಬಿಚ್ಚಿ. ಅದು ಕಂಬಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ.

ಮೊದಲ ರಾತ್ರಿಯೇ ಒಳಗೆ ತಳ್ಳಿ ಬಾಗಿಲು ಹಾಕಿದರೆ ಗಲಾಟೆ ಖಂಡಿತ. ರಾತ್ರಿಯ ಕೆಲಸ ಹಗಲಿನಲ್ಲೇ ಶುರುವಾಗಬೇಕು. ಬೆಳಿಗ್ಗೆ ಮರಿಯನ್ನು ತನ್ನಿ, ಸಂಜೆ ತರಬೇಡಿ. ಬಾಗಿಲು ತೆಗೆದಿಟ್ಟು ಊಟದ ಬಟ್ಟಲನ್ನು ಕ್ರೇಟಿನೊಳಗೇ ಇಡಿ. ಮೊದಲು ಅಂಚಿನಲ್ಲಿ, ಆಮೇಲೆ ನಡುವೆ, ಆಮೇಲೆ ಹಿಂದಿನ ಮೂಲೆಯಲ್ಲಿ. ಮರಿ ಮೊದಲು ಕತ್ತು ಮಾತ್ರ ಚಾಚುತ್ತದೆ, ಹಿಂಗಾಲು ಹೊರಗೇ ಇರುತ್ತವೆ. ಬಾಲ ಕೆಳಗಿದ್ದರೆ ಇನ್ನೂ ಅನುಮಾನ ಇದೆ ಅಂತ ಅರ್ಥ. ನೀವು ಹಿಂದಿನಿಂದ ನೂಕಬೇಡಿ. ನಾಲ್ಕೂ ಕಾಲು ಒಳಗಿಟ್ಟು, ಬಾಲ ಆಡಿಸುತ್ತ ತಿನ್ನತೊಡಗಿದಾಗ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ, ತಿಂದು ಮುಗಿಸುವ ಮೊದಲೇ ತೆಗೆಯಿರಿ. ಪೊಳ್ಳು ರಬ್ಬರ್ ಆಟಿಕೆಯೊಳಗೆ ಸ್ವಲ್ಪ ಮೊಸರನ್ನ ತುಂಬಿ ಕೊಟ್ಟರೆ, ಅದನ್ನು ನೆಕ್ಕುವಷ್ಟು ಹೊತ್ತು ಬಾಗಿಲು ಹಾಕಿರಬಹುದು. ಆಗ ನೀವು ಎದ್ದು ಹೋಗಬೇಡಿ, ಪಕ್ಕದಲ್ಲೇ ಕೂತು ಪೇಪರ್ ಓದಿ.

ಈ ವಯಸ್ಸಿನ ಮರಿ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಮಾಡುತ್ತದೆ. ಹಾಗಾಗಿ ಹಗಲಲ್ಲೂ ಅಭ್ಯಾಸಕ್ಕೆ ಬೇಕಾದಷ್ಟು ಅವಕಾಶ ಸಿಗುತ್ತದೆ. ಆಡಿ ಆಡಿ ಸುಸ್ತಾಗಿ ಕಣ್ಣು ಮುಚ್ಚುತ್ತಿರುವಾಗ ಎತ್ತಿ ಕ್ರೇಟಿನಲ್ಲಿ ಮಲಗಿಸಿ. ಮನೆಗೆ ಬಂದ ನೆಂಟರ ಮಕ್ಕಳೆಲ್ಲ ಎತ್ತಿ ಆಡಿಸಿ ಅದಕ್ಕೆ ನಿದ್ದೆಗೆಡಿಸಿದರೆ, ರಾತ್ರಿ ಚೆನ್ನಾಗಿ ಮಲಗುತ್ತದೆ ಅಂದುಕೊಳ್ಳಬೇಡಿ. ನಿದ್ದೆಗೆಟ್ಟ ಮರಿ ಇನ್ನಷ್ಟು ರಚ್ಚೆ ಹಿಡಿಯುತ್ತದೆ, ಕೈಕಾಲು ಕಚ್ಚುತ್ತದೆ.

ಸಂಜೆ ಏಳು, ಏಳೂವರೆಗೆ ಊಟ ಮುಗಿಸಿಬಿಡಿ. ಮಲಗುವ ಹೊತ್ತಿಗೆ ಒಂದು ಲೋಟ ಹಾಲು ಕುಡಿಸುವ ಪ್ರೀತಿ ನಮ್ಮಲ್ಲಿ ಜಾಸ್ತಿ. ದಯವಿಟ್ಟು ಬೇಡ. ಹಸುವಿನ ಹಾಲಲ್ಲಿರುವ ಲ್ಯಾಕ್ಟೋಸ್ ಎಷ್ಟೋ ಮರಿಗಳಿಗೆ ಅರಗುವುದಿಲ್ಲ, ಭೇದಿ ಆಗುತ್ತದೆ. ನಡುರಾತ್ರಿ ಕ್ರೇಟೆಲ್ಲ ಗಲೀಜಾಗಿ, ಮರಿಯೂ ಅದರಲ್ಲೇ ಹೊರಳಾಡಿದ್ದರೆ ಅದರ ತಪ್ಪಲ್ಲ. ನೀರನ್ನು ಮಲಗುವುದಕ್ಕೆ ಒಂದು ಗಂಟೆ ಮುಂಚೆ ಎತ್ತಿಡಬಹುದು. ಆದರೆ ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಈ ಲೆಕ್ಕ ಬೇಡ, ಬಾಯಾರಿದರೆ ಕುಡಿಯಲಿ. ಒಂದು ಸಲ ಜಾಸ್ತಿ ಎದ್ದರಾಯಿತು.

ಇನ್ನು ರಾತ್ರಿ. ಕ್ರೇಟನ್ನು ಎಲ್ಲಿಡಬೇಕು? ನಡುಮನೆಯಲ್ಲೂ ಅಲ್ಲ, ಯುಟಿಲಿಟಿಯಲ್ಲೂ ಅಲ್ಲ. ನಿಮ್ಮ ಮಂಚದ ಪಕ್ಕ, ಕೈ ಇಳಿಬಿಟ್ಟರೆ ಕಂಬಿಗೆ ತಾಗುವಷ್ಟು ಹತ್ತಿರ. ನಾನು ಹೇಳಬೇಕು ಅಂತ ಬಂದದ್ದು ಇದೇ. ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿ ಇಡಿ, ಅದರ ಟಿಕ್ ಟಿಕ್ ಅಮ್ಮನ ಎದೆಬಡಿತದ ಹಾಗೆ ಕೇಳುತ್ತದೆ ಅಂತ ಹಳಬರು ಹೇಳುತ್ತಾರೆ. ನನಗೆ ಅದರಲ್ಲಿ ಅಷ್ಟೇನೂ ನಂಬಿಕೆ ಇಲ್ಲ. ಉಸಿರಾಡುವ ಮನುಷ್ಯ ಪಕ್ಕದಲ್ಲಿರುವಾಗ ಗಡಿಯಾರ ಯಾಕೆ? ಮರಿ ತರುವಾಗ ತಾಯಿ ಮಲಗುತ್ತಿದ್ದ ಬಟ್ಟೆಯ ತುಂಡೊಂದನ್ನು ಕೇಳಿ ತಂದರೆ ಅದು ಕೆಲಸಕ್ಕೆ ಬರುತ್ತದೆ. ಅದನ್ನು ಒಗೆಯಬೇಡಿ.

ಮರಿ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ? ತಿಂಗಳ ಲೆಕ್ಕಕ್ಕೆ ಒಂದು ಸೇರಿಸಿ ಅಂತ ನಾಯಿ ಸಾಕುವವರ ಅಂದಾಜು. ಎರಡು ತಿಂಗಳ ಮರಿಗೆ ಸುಮಾರು 3 ಗಂಟೆ. ನಿದ್ದೆಯಲ್ಲಿ ಸ್ವಲ್ಪ ಜಾಸ್ತಿ. ಹನ್ನೊಂದಕ್ಕೆ ಮಲಗಿಸಿದರೆ ಎರಡು, ಎರಡೂವರೆಗೆ ಅಲಾರಾಂ ಇಟ್ಟುಕೊಳ್ಳಿ. ಅದು ಕೂಗುವ ಮೊದಲೇ ನೀವು ಏಳಬೇಕು. ಆಗ ಕೂಗಿದ್ದಕ್ಕೆ ಬಾಗಿಲು ತೆರೆಯಿತು ಅನ್ನುವ ಪಾಠವೇ ಅದಕ್ಕೆ ಸಿಗುವುದಿಲ್ಲ.

ಎದ್ದಾಗ ದೊಡ್ಡ ದೀಪ ಹಾಕಬೇಡಿ, ಮೊಬೈಲ್ ಬೆಳಕು ಸಾಕು. ಮರಿಯನ್ನು ಎತ್ತಿಕೊಂಡೇ ಹೋಗಿ. ನಡೆಸಿಕೊಂಡು ಹೋದರೆ ಬಾಗಿಲ ಹತ್ತಿರವೇ ಮುಗಿಸಿಬಿಡುತ್ತದೆ. ಲಸಿಕೆ ಪೂರ್ತಿ ಆಗುವ ತನಕ ಬೀದಿಗೆ ಬೇಡ. ಮರಿಗಳ ಪ್ರಾಣಕ್ಕೇ ಕುತ್ತು ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ನಿಮ್ಮದೇ ಕಾಂಪೌಂಡು, ಇಲ್ಲವಾದರೆ ತಾರಸಿ, ಅಪಾರ್ಟ್‌ಮೆಂಟಾದರೆ ಬಾಲ್ಕನಿಯಲ್ಲಿ ಪೇಪರ್ ಹಾಸಿದ ಒಂದು ಟ್ರೇ. ದಿನಾ ಅದೇ ಜಾಗ. ಕೆಳಗೆ ಬಿಟ್ಟು ಸುಮ್ನೆ ನಿಂತುಕೊಳ್ಳಿ. ಅದು ನಿಮ್ಮ ಚಪ್ಪಲಿ ಮೂಸುತ್ತದೆ, ಎಲೆ ಕಚ್ಚುತ್ತದೆ, ದೂರದಲ್ಲಿ ಬೀದಿನಾಯಿ ಬೊಗಳಿದರೆ ಕಿವಿ ನಿಮಿರಿಸುತ್ತದೆ. ಆಮೇಲೆ ಮೂಗನ್ನು ನೆಲಕ್ಕಿಟ್ಟು ಒಂದು ಸುತ್ತು ತಿರುಗಿ ಕೂರುತ್ತದೆ. ಮುಗಿದ ಮೇಲೆ ಮೆಲುದನಿಯಲ್ಲಿ "ಜಾಣಮರಿ" ಅನ್ನಿ, ವಾಪಸ್ ತಂದು ಮಲಗಿಸಿ. ಆಟವಿಲ್ಲ, ಬಿಸ್ಕತ್ತಿಲ್ಲ, ಫೋಟೋ ಅಂತೂ ಬೇಡವೇ ಬೇಡ. ರಾತ್ರಿ ಎದ್ದರೆ ಇಲ್ಲಿ ಏನೂ ಮಜಾ ಇಲ್ಲ ಅಂತ ಅದಕ್ಕೆ ಅನಿಸಬೇಕು.

ಇಷ್ಟಾದರೂ ಅಳುತ್ತದೆ. ಎಲ್ಲ ಅಳುವೂ ಒಂದೇ ಅಲ್ಲ. ಮಲಗಿಸಿದ ಕೂಡಲೇ ಎರಡು ಮೂರು ನಿಮಿಷ ಗೊಣಗಿ, ನಡುನಡುವೆ ನಿಲ್ಲಿಸಿ, ಉಸ್ಸಂತ ಉಸಿರು ಬಿಡುವುದು ನಿದ್ದೆಗೆ ಜಾರುವ ಗೊಣಗಾಟ. ಅದಕ್ಕೆ ಕೈ ಹಾಕಬೇಡಿ. ಚೆನ್ನಾಗಿ ಮಲಗಿದ್ದದ್ದು ದಿಢೀರಂತ ಎದ್ದು, ನೆಲ ಮೂಸುತ್ತ ಸುತ್ತುತ್ತ ಕುಂಯ್‌ಗುಟ್ಟಿದರೆ ಅದು ಅವಸರದ ಕರೆ, ಓಡಿ. ಸ್ವರ ಏರುತ್ತ ಏರುತ್ತ ಹೋಗಿ, ಉಸಿರು ಕಟ್ಟುವ ಹಾಗೆ ಕೂಗುತ್ತಿದ್ದರೆ ಅದು ಭಯ. ಆಗ ಕೈ ಇಳಿಬಿಟ್ಟು ಬೆರಳು ಮೂಸಲು ಕೊಡಿ. ಸಾಲದಿದ್ದರೆ ಚಾಪೆ ಹಾಸಿ ನೆಲದಲ್ಲೇ ಮಲಗಿ. ಭಯಕ್ಕೆ ಸಮಾಧಾನ ಮಾಡಿದರೆ ಭಯ ಚಟವಾಗುವುದಿಲ್ಲ. ಬೈಯುವುದು, ಕ್ರೇಟಿನ ಮೇಲೆ ಬಡಿಯುವುದು, ನೀರು ಚಿಮುಕಿಸುವುದು ಯಾವುದೂ ಬೇಡ.

ಒಳಗೆ ಒದ್ದೆ ಮಾಡಿಕೊಂಡರೆ ಗದರಬೇಡಿ, ಬಟ್ಟೆ ಬದಲಿಸಿ. ಫಿನಾಯಿಲ್ ಹಾಕಿ ಒರೆಸುವುದು ನಮ್ಮ ಅಭ್ಯಾಸ. ಮರಿ ಆ ಟ್ರೇಯನ್ನೇ ನೆಕ್ಕುತ್ತದೆ, ಅಲ್ವಾ? ಸಾಕುಪ್ರಾಣಿಗಳಿಗೆಂದೇ ಸಿಗುವ ಎಂಜೈಮ್ ಇರುವ ದ್ರಾವಣ ತನ್ನಿ. ಅದು ವಾಸನೆಯ ಬೇರನ್ನೇ ಕೀಳುತ್ತದೆ. ವಾಸನೆ ಉಳಿದರೆ ಮತ್ತೆ ಅಲ್ಲೇ ಮಾಡುತ್ತದೆ. ಅಮೋನಿಯಾ ಇರುವ ಕ್ಲೀನರ್ ಬೇಡ, ಅದರ ಘಾಟು ಮೂತ್ರದ ಹಾಗೇ ಇರುತ್ತದೆ.

ಸತತವಾಗಿ ಕೆಲವು ರಾತ್ರಿ ಕ್ರೇಟ್ ಒಣಗಿಯೇ ಇದ್ದರೆ ಅಲಾರಾಂ ಅನ್ನು ಕಾಲು ಗಂಟೆ ಮುಂದೆ ತಳ್ಳಿ. ಮಂಚದ ಪಕ್ಕದಿಂದ ಬಾಗಿಲ ಕಡೆಗೆ ಕ್ರೇಟನ್ನು ಒಂದೊಂದು ಅಡಿ ಸರಿಸಬಹುದು. ಸರಿಸಲೇಬೇಕು ಅಂತೇನೂ ಇಲ್ಲ. ನಿಮ್ಮ ಕೋಣೆಯಲ್ಲೇ ಇರಲಿ ಅನಿಸಿದರೆ ಇರಲಿ ಬಿಡಿ.

ಕೆಲವು ಮರಿಗಳಿಗೆ ಕ್ರೇಟ್ ಒಗ್ಗುವುದೇ ಇಲ್ಲ. ಬೀದಿಯಿಂದ ಎತ್ತಿ ತಂದ ಮರಿ ಹಿಂದೆ ಎಲ್ಲೋ ಸಿಕ್ಕಿಹಾಕಿಕೊಂಡು ಬೆದರಿರಬಹುದು. ಕಂಬಿ ಕಚ್ಚಿ ವಸಡಿನಲ್ಲಿ ರಕ್ತ, ಎದೆಯೆಲ್ಲ ಒದ್ದೆಯಾಗುವಷ್ಟು ಜೊಲ್ಲು, ಉಗುರು ಕಿತ್ತುಹೋಗುವಷ್ಟು ಕೆರೆತ ಕಂಡರೆ ಅಲ್ಲಿಗೇ ನಿಲ್ಲಿಸಿ. ಕೋಣೆಯ ಒಂದು ಮೂಲೆಗೆ ಬೇಲಿ ಕಟ್ಟಿ ಅಲ್ಲೇ ಹಾಸಿಗೆ ಹಾಕಿ. ಜೊತೆಗೆ ಭೇದಿ, ವಾಂತಿ ಇದ್ದರೆ ಅಥವಾ ಊಟ ಬಿಟ್ಟಿದ್ದರೆ ಬೆಳಗಾಗುವುದನ್ನೇ ಕಾದು ಪಶುವೈದ್ಯರ ಹತ್ತಿರ ಹೋಗಿ. ಮಂಕಾಗಿ ಮಲಗಿಬಿಟ್ಟಿದ್ದರೆ ಬೆಳಗಿನ ತನಕವೂ ಕಾಯಬೇಡಿ.

ಇನ್ನು ಉಳಿದದ್ದು ಬೆಳಗಿನ ಜಾವ. ಐದು ಗಂಟೆಗೆ ದೇವಸ್ಥಾನದ ಮೈಕಿನಲ್ಲಿ ಸುಪ್ರಭಾತ ಶುರುವಾದರೆ ಮರಿಯೂ ಎದ್ದು ಕೂರುತ್ತದೆ. ಎರಡು ಗಂಟೆಗೆ ಮಾಡಿದ ಹಾಗೇ ಈಗಲೂ ಮಾಡಿ. ಎತ್ತಿಕೊಂಡು ಹೋಗಿ, ಮುಗಿಸಿ, ವಾಪಸ್ ಮಲಗಿಸಿ. ಹೇಗೂ ಎದ್ದಾಗಿದೆಯಲ್ಲ ಅಂತ ಐದಕ್ಕೇ ತಿಂಡಿ ಹಾಕಿದಿರೋ, ನಾಳೆ ನಾಲ್ಕೂವರೆಗೆ ಎಬ್ಬಿಸುತ್ತದೆ, ನಾಡಿದ್ದು ನಾಲ್ಕಕ್ಕೆ. ಬಟ್ಟಲು ಮಾತ್ರ ಆರೂವರೆಗೇ ಇಳಿಯಲಿ. ಕ್ರೇಟಿನ ಬಾಗಿಲು ತೆಗೆದ ಕೂಡಲೇ ಅಲ್ಲ, ಒಂದು ಹತ್ತು ನಿಮಿಷ ಬಿಟ್ಟು. ಅಷ್ಟರಲ್ಲಿ ನಿಮ್ಮ ಕಾಫಿಯೂ ಆಗುತ್ತದೆ.

ನಮಸ್ಕಾರ.