ಸುಳಿವನ್ನು ದಾಳದ ಕೈಗೆ ಕೊಡಬೇಡಿ

ಕೇಳುಗರಿಗೆ ನಮಸ್ಕಾರ. ಗೆಳೆಯರನ್ನು ಮೇಜಿನ ಸುತ್ತ ಕೂರಿಸಿಕೊಂಡು ದಾಳ, ಪೆನ್ಸಿಲ್ಲು, ಕಾಗದ ಹಿಡಿದು ಭಯಾನಕ ಪಾತ್ರಾಭಿನಯದ ಆಟ ನಡೆಸುವವರಿಗಾಗಿ ಈ ಮಾತು. ಇಲ್ಲಿ ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಅದರ ಪಾತ್ರಗಳಾಗಿ ಏನು ಮಾಡುತ್ತೇವೆಂದು ಹೇಳುತ್ತಾ ಹೋಗುತ್ತಾರೆ. ನಾನು ಹೇಳಬೇಕಾದದ್ದು ಒಂದೇ: ಸುಳಿವನ್ನು ದಾಳದ ಕೈಗೆ ಕೊಡಬೇಡಿ.

ಈ ಬಗೆಯ ಆಟಗಳಲ್ಲಿ ತುಂಬ ಹೆಸರಾದದ್ದು ‘ಕಾಲ್ ಆಫ್ ಕಥೂಲು’. ಸ್ಯಾಂಡಿ ಪೀಟರ್ಸನ್ ರೂಪಿಸಿದ ಈ ಆಟವನ್ನು ಅಮೆರಿಕದ ಕೇಯಾಸಿಯಮ್ ಸಂಸ್ಥೆ 1981ರಲ್ಲಿ ಹೊರತಂದಿತು. ಆಟ ನಡೆಸುವವರು ಕೀಪರ್. ಉಳಿದವರು ಸಾಮಾನ್ಯವಾಗಿ 1920ರ ದಶಕದ ಪತ್ತೇದಾರರು. ಹಳೆಯ ಪತ್ರಿಕೆ, ಕೋರ್ಟಿನ ಕಡತ ತಿರುವಿಹಾಕುವುದೇ ಅವರ ದೊಡ್ಡ ಕೆಲಸ. ಅದು ಫಲಿಸಿತೇ ಎಂದು ತಿಳಿಯಲು 1ರಿಂದ 100ರವರೆಗಿನ ಸಂಖ್ಯೆ ಕೊಡುವ ದಾಳ ಎಸೆಯುತ್ತಾರೆ. ಪಾತ್ರಕ್ಕೆ ಗ್ರಂಥಾಲಯ ಬಳಸುವ ಕೌಶಲ 60 ಇದ್ದರೆ, ದಾಳದಲ್ಲಿ 60 ಅಥವಾ ಅದಕ್ಕಿಂತ ಕಡಿಮೆ ಬಿದ್ದಾಗ ಗೆಲುವು. ಅಂದರೆ ನೂರಕ್ಕೆ 40 ಸಲ ಸೋಲು. ಕಥೆ ಮುಂದೆ ಹೋಗಲು ಬೇಕಾದ ಕಾಗದವನ್ನೇ ಆ ಸೋಲಿಗೆ ಒಡ್ಡುವುದೇಕೆ?

ಈ ಆಟದಲ್ಲಿ ‘ದಿ ಹಾಂಟಿಂಗ್’ ಎಂಬ ಪ್ರಸಿದ್ಧ ಸಾಹಸವಿದೆ, ಅಂದರೆ ಆಡಲೆಂದೇ ಬರೆದಿಟ್ಟ ಕಥೆ. ಅದನ್ನು ಆಡಬೇಕೆಂದಿರುವವರು ಒಂದೆರಡು ನಿಮಿಷ ರೇಡಿಯೊದ ಧ್ವನಿ ತಗ್ಗಿಸಿ. ಬಾಸ್ಟನ್ ನಗರದ ಒಂದು ಮನೆ. ಬಾಡಿಗೆಗಿದ್ದ ಸಂಸಾರಕ್ಕೆ ಬುದ್ಧಿಭ್ರಮಣೆಯಾಗಿದೆ. ಕಾರಣ ಹುಡುಕಿಕೊಡಿ ಎನ್ನುತ್ತಾನೆ ಮಾಲೀಕ. ನಾನು ಆಟಗಾರನಾಗಿ ಕುಳಿತಿದ್ದ ಒಂದು ಸಂಜೆ ನಮ್ಮ ಕಡೆಯವರು ಗ್ರಂಥಾಲಯಕ್ಕೆ ಹೋದರು, ದಾಳ ಸೋತಿತು. ‘ಏನೂ ಸಿಗಲಿಲ್ಲ’ ಎಂದರು ಕೀಪರ್. ಪತ್ರಿಕಾ ಕಚೇರಿಯಲ್ಲೂ ಅದೇ ಉತ್ತರ. ಯಾರೋ ಮೊಬೈಲ್ ತೆಗೆದರು, ಯಾರೋ ಕಾಫಿಗೆ ಎದ್ದರು. ಕೊನೆಗೆ ಏನೂ ತಿಳಿಯದೆ ಮನೆಯೊಳಗೆ ನುಗ್ಗಿದೆವು. ಮಂಚ ತಾನಾಗಿ ಚಲಿಸಿ ಒಬ್ಬರನ್ನು ಕಿಟಕಿಯಾಚೆ ಎಸೆಯಿತು. ಪೆಟ್ಟಾಯಿತು, ಲೆಕ್ಕ ಬರೆದುಕೊಂಡರು. ಹೆದರಿದವರು ಒಬ್ಬರೂ ಇಲ್ಲ!

ಅದೇ ಸಾಹಸವನ್ನು ಬೇರೊಬ್ಬರು ನಡೆಸಿದಾಗ ನಾನು ಪಕ್ಕದಲ್ಲಿ ನೋಡುತ್ತಾ ಕುಳಿತಿದ್ದೆ. ‘ಹಳೆಯ ದಾವೆಗಳನ್ನು ಹುಡುಕುತ್ತೇನೆ’ ಎಂದಳು ಒಬ್ಬ ಹುಡುಗಿ. ಆ ಕೀಪರ್ ದಾಳ ಮುಟ್ಟಲಿಲ್ಲ. ಮಡಿಸಿದ ಒಂದು ಹಾಳೆಯನ್ನು ಅವಳ ಕೈಗಿತ್ತರು. ಅವಳು ಗಟ್ಟಿಯಾಗಿ ಓದಿದಳು: ಮನೆಯ ಹಿಂದಿನ ಯಜಮಾನ ಕಾರ್ಬಿಟ್, ತನ್ನನ್ನು ನೆಲಮಾಳಿಗೆಯಲ್ಲೇ ಹೂಳಬೇಕೆಂದು ಉಯಿಲು ಬರೆದಿದ್ದ, ಅದನ್ನು ತಡೆಯಲು ದಾವೆ ಹೂಡಲಾಗಿತ್ತು. ‘ತೀರ್ಪು ಏನಾಯಿತು?’ ಎಂದಳು. ‘ಕಡತದಲ್ಲಿ ಇಲ್ಲ’ ಎಂದರು ಕೀಪರ್. ಅಷ್ಟೇ. ಅಲ್ಲಿಂದ ಮುಂದೆ ನೆಲಮಾಳಿಗೆಯ ಮೆಟ್ಟಿಲು ಮೊದಲು ಯಾರು ಇಳಿಯಬೇಕೆಂದು ದೊಡ್ಡ ಚರ್ಚೆ. ದೀಪ ಹಿಡಿಯಲು ಒಬ್ಬರೂ ಒಪ್ಪಲೊಲ್ಲರು. ಸುಳಿವು ಸಿಕ್ಕಿದ್ದಕ್ಕೇ ಅವರು ಹೆದರಿದ್ದು. ಇದನ್ನು ಎಷ್ಟು ಸಲ ಹೇಳಿದರೂ ‘ಎಲ್ಲ ಹೇಳಿಬಿಟ್ಟರೆ ರಹಸ್ಯ ಏನು ಉಳಿಯಿತು?’ ಎಂದು ಕೇಳುವವರಿದ್ದಾರೆ. ಎಲ್ಲ ಎಲ್ಲಿ ಹೇಳಿದಿರಿ, ಸ್ವಾಮಿ? ಕೊಟ್ಟದ್ದು ಒಂದು ಹಾಳೆ. ಅದರ ಅರ್ಥ ಹುಡುಕುವ ಪಾಡು ಆಟಗಾರರದು.

2008ರಲ್ಲಿ ಬಂದ ‘ಟ್ರೇಲ್ ಆಫ್ ಕಥೂಲು’ ಎಂಬ ಇದೇ ಬಗೆಯ ಇನ್ನೊಂದು ಆಟ ಇದನ್ನೇ ನಿಯಮವಾಗಿಸಿತು: ತಕ್ಕ ಕೌಶಲವಿದ್ದವರು ತಕ್ಕ ಜಾಗದಲ್ಲಿ ಹುಡುಕಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತದೆ. ಹಾಗಾದರೆ ದಾಳಕ್ಕೆ ಕೆಲಸವಿಲ್ಲವೇ? ಇದೆ. ಸುಳಿವಿಗೆ ತೆರಬೇಕಾದ ಬೆಲೆಯನ್ನು ಅದು ಹೇಳಲಿ. ಸೋತರೆ ಕಾಗದ ಸಿಗಲಿ, ಆದರೆ ಅಷ್ಟರಲ್ಲಿ ಕತ್ತಲಾಗಲಿ, ಅಥವಾ ಗುಮಾಸ್ತನ ಸಂಶಯದ ಕಣ್ಣು ಇವರ ಮೇಲೆ ಬೀಳಲಿ.

ಸಮಯ ಸಾಲದು, ಉಳಿದದ್ದನ್ನು ಬೇಗ ಹೇಳುತ್ತೇನೆ. ಆಟಗಾರರು ಕಂಡುಕೊಳ್ಳಲೇಬೇಕಾದ ಪ್ರತಿ ಸಂಗತಿಗೂ ಮೂರು ಕಡೆ ಸುಳಿವಿಡಿ. ಒಂದನ್ನು ಅವರು ನೋಡುವುದೇ ಇಲ್ಲ, ಇನ್ನೊಂದನ್ನು ತಪ್ಪಾಗಿ ತಿಳಿಯುತ್ತಾರೆ. ಯಾರಿಗೆ ಯಾವ ವಿಷಯ ಬೇಡವೆಂದು ಆಟಕ್ಕೆ ಮೊದಲೇ ಕೇಳಿಕೊಳ್ಳಿ. ಹೊಸಬರಿಗೆ ಕೇಯಾಸಿಯಮ್ ಸಂಸ್ಥೆಯ ಉಚಿತ ಕಿರು ನಿಯಮಪುಸ್ತಕದಲ್ಲಿ ಇದೇ ಬಾಸ್ಟನ್ ಮನೆಯ ಸಾಹಸವಿದೆ. ಅದನ್ನು ಓದಿ, ದಾವೆಯ ವಿವರವನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಯಾರಾದರೂ ಕಡತ ಕೇಳಿದ ಕೂಡಲೇ ಅವರ ಕೈಗೆ ಕೊಟ್ಟುಬಿಡಿ. ನಮಸ್ಕಾರ.