ಒಂದು ಪದದ ಜಗಳ: ದಾಳದಾಟ, ಅದರ ಪ್ರಕಾಶಕರು, ಅದರ ವಿಮರ್ಶಕರು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಈ ಸಭೆಯಲ್ಲಿ ಹುಡುಗರ ಜೊತೆ ಹಿರಿಯರೂ ಇದ್ದೀರಿ, ಹಾಗಾಗಿ ಆಟದ ಪರಿಚಯ ಮೊದಲು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಬಯಲಾಟದ ಭಾಗವತರ ಹಾಗೆ ಕಥೆ ನಡೆಸುತ್ತಾರೆ, ಉಳಿದವರದು ಒಂದೊಂದು ಪಾತ್ರ. ಆದರೆ ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಕೋಟೆ ಗೋಡೆ ಹತ್ತಿದನೋ, ಕೆಳಗೆ ಬಿದ್ದನೋ, ದಾಳ ಹೇಳುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ಡಂಜನ್ಸ್ ಅಂಡ್ ಡ್ರಾಗನ್ಸ್‌ನಿಂದ ಈ ಬಗೆಯ ಆಟ ಅಂಗಡಿಗೆ ಬಂತು.

ಆಟ ಇದ್ದಲ್ಲಿ ಜಗಳ ಇದ್ದದ್ದೇ. ಚೌಕಾಬಾರದಲ್ಲಿ ನಾಲ್ಕು ಬಿದ್ದರೆ, ಎಂಟು ಬಿದ್ದರೆ ಇನ್ನೊಮ್ಮೆ ಕವಡೆ ಹಾಕಬಹುದು. ಸತತ ಮೂರು ಸಲ ಬಿದ್ದರೆ ಲೆಕ್ಕ ಉಳಿಯುತ್ತದೋ, ಅಳಿಯುತ್ತದೋ? ಮನೆಗೊಂದು ಕಾನೂನು. ದಾಳದಾಟದ ಅಭಿಮಾನಿಗಳ ಜಗಳವೂ ಅರ್ಧ ಇಂಥದೇ, ಇನ್ನರ್ಧ ಮಾತ್ರ ದುಡ್ಡಿನದು. ಎರಡನ್ನೂ ಬೆರೆಸಿದಾಗಲೇ ಗಲಾಟೆ ಬಗೆಹರಿಯದೆ ಉಳಿಯುವುದು.

ಮೊದಲು ಲೆಕ್ಕದ ಜಗಳ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಐದನೇ ಆವೃತ್ತಿಯಲ್ಲಿ (2014) 'ಅಡ್ವಾಂಟೇಜ್' ಎಂಬ ನಿಯಮವಿದೆ: ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಉರುಳಿಸಿ, ದೊಡ್ಡದನ್ನು ಇಟ್ಟುಕೊಳ್ಳುವುದು. ಇದರ ಬೆಲೆ ಐದು ಅಂಕ ಎಂದು ಒಬ್ಬ ವಿಮರ್ಶಕ, ಮೂರು ಚಿಲ್ಲರೆ ಎಂದು ಇನ್ನೊಬ್ಬ, ಒಂದೂ ಇಲ್ಲ ಎಂದು ಮತ್ತೊಬ್ಬ. ಕಾಗದ ಪೆನ್ನು ತೆಗೆದುಕೊಳ್ಳಿ. ಎರಡು ದಾಳಕ್ಕೆ 20 ಗುಣಿಲೆ 20, ಅಂದರೆ 400 ಜೋಡಿ. ಗೆಲ್ಲಲು 11 ಬೇಕಾದರೆ, ಎರಡೂ ದಾಳ ಸೋಲುವ ಜೋಡಿಗಳು 10 ಗುಣಿಲೆ 10, ನೂರು. ಉಳಿದ 300ರಲ್ಲಿ ಗೆಲುವು. ಒಂದು ದಾಳದಲ್ಲಿ ಶೇ. 50 ಇದ್ದದ್ದು ಶೇ. 75 ಆಯಿತು. ದಾಳದ ಒಂದು ಅಂಕಕ್ಕೆ ಶೇ. 5 ಹಿಡಿದರೆ, ಇದು ಸರಿಯಾಗಿ ಐದು ಅಂಕ. ಈಗ 20 ಬೇಕೇ ಬೇಕು ಅನ್ನಿ. ಸೋಲುವ ಜೋಡಿ 19 ಗುಣಿಲೆ 19, ಅಂದರೆ 361. ಗೆಲ್ಲುವುದು 39ರಲ್ಲಿ, ಶೇ. 9.75. ಮೊದಲು ಶೇ. 5 ಇತ್ತು, ಲಾಭ ಒಂದು ಅಂಕಕ್ಕೂ ಕೂದಲೆಳೆ ಕಡಿಮೆ. ಇನ್ನು ಸರಾಸರಿ ನೋಡಿದರೆ 10.5 ಇದ್ದದ್ದು 13.825 ಆಗುತ್ತದೆ, 3.325 ಹೆಚ್ಚು. ಮೂವರೂ ಸರಿ! ಎಷ್ಟು ಬಿದ್ದರೆ ಗೆಲುವು ಎಂಬುದನ್ನು ಮಾತ್ರ ಮೂವರೂ ಹೇಳಿರಲಿಲ್ಲ.

ದುಡ್ಡಿನ ಜಗಳಕ್ಕೆ ಬರೋಣ. ನಮ್ಮೂರಲ್ಲಿ ಬೆಣ್ಣೆ ದೋಸೆ ಮಾಡುವ ವಿಧಾನ ಯಾರಪ್ಪನ ಸೊತ್ತೂ ಅಲ್ಲ. ಆದರೆ ಒಬ್ಬರು ಅಚ್ಚು ಹಾಕಿಸಿದ ಅಡುಗೆ ಪುಸ್ತಕವನ್ನು ಜೆರಾಕ್ಸ್ ಮಾಡಿ ಮಾರುವಂತಿಲ್ಲ, ಒಬ್ಬರ ಹೋಟೆಲ್ ಬೋರ್ಡನ್ನು ಇನ್ನೊಬ್ಬರು ತೂಗುಹಾಕುವಂತಿಲ್ಲ. ಆಟಕ್ಕೂ ಹಾಗೇ: ಆಡುವ ವಿಧಾನಕ್ಕೆ ಕೃತಿಸ್ವಾಮ್ಯವಿಲ್ಲ, ಅದನ್ನು ವಿವರಿಸಿದ ಬರಹಕ್ಕಿದೆ, ಹೆಸರಿಗೆ ಟ್ರೇಡ್‌ಮಾರ್ಕ್ ಇದೆ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಪ್ರಕಾಶಕರಾದ ವಿಝಾರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 2000ದಲ್ಲಿ ಆ ಬರಹದ ಒಂದು ಭಾಗವನ್ನು ಬೇರೆ ಪ್ರಕಾಶಕರೂ ಬಳಸಲಿ ಎಂದು ಓಜಿಎಲ್ (ಓಪನ್ ಗೇಮ್ ಲೈಸೆನ್ಸ್) ಎಂಬ ಪರವಾನಗಿ ಕೊಟ್ಟಿತು. ಅದನ್ನೇ ನೆಚ್ಚಿಕೊಂಡು ಪೈಜೊ ಸಂಸ್ಥೆ 2009ರಲ್ಲಿ ಪಾಥ್‌ಫೈಂಡರ್ ಎಂಬ ದಾಳದಾಟ ತಂದು ಎದುರಾಳಿಯಾಗಿಯೇ ನಿಂತಿತು.

2023ರ ಜನವರಿಯಲ್ಲಿ ವಿಝಾರ್ಡ್ಸ್ ಕಂಪನಿಯ ಹೊಸ ಪರವಾನಗಿಯ ಕರಡು ಸೋರಿಕೆಯಾಯಿತು. 'ಬೇರೆ ಪ್ರಕಾಶಕರ ಆದಾಯದಲ್ಲಿ ಕಾಲುಭಾಗ ಕಿತ್ತುಕೊಳ್ಳುತ್ತಾರಂತೆ' ಎಂದು ವಿಡಿಯೊಗಳಲ್ಲಿ ಬೊಬ್ಬೆ. ಕರಡಿನಲ್ಲಿದ್ದದ್ದು ಹಾಗಲ್ಲ: ವರ್ಷಕ್ಕೆ 7,50,000 ಡಾಲರ್ ದಾಟಿದ ಮೊತ್ತದ ಮೇಲೆ ಮಾತ್ರ ಶೇ. 25. ಹತ್ತು ಲಕ್ಷ ಡಾಲರ್ ವ್ಯಾಪಾರವಾದರೆ ಹೆಚ್ಚುವರಿ ಎರಡೂವರೆ ಲಕ್ಷ, ಅದರ ಕಾಲುಭಾಗ 62,500. ಹಾಗಂತ ಇದು ಹಗುರವಾದದ್ದೇನೂ ಅಲ್ಲ. ಕೇಳಿದ್ದು ವ್ಯಾಪಾರದಲ್ಲಿ ಪಾಲು, ಲಾಭದಲ್ಲಲ್ಲ. ಇದರ ವ್ಯತ್ಯಾಸ ಏನೆಂದು ನಮ್ಮ ಮಂಡಕ್ಕಿ ಭಟ್ಟಿಯವರನ್ನು ಕೇಳಿ, ಹೇಳುತ್ತಾರೆ. ಕಾಗದ, ಅಚ್ಚು, ಸಾಗಾಣಿಕೆ ಕಳೆದು ನೂರಕ್ಕೆ ಹತ್ತು ಉಳಿಸಿಕೊಳ್ಳುವ ಪ್ರಕಾಶಕನಿಗೆ ಹತ್ತು ಲಕ್ಷಕ್ಕೆ ಸಿಗುವುದೇ ಒಂದು ಲಕ್ಷ. ಅದರಲ್ಲಿ 62,500 ಹೋಯಿತು. ಮಿತಿ ದಾಟಿದ ಮೇಲೆ ಮಾರಿದ ಪ್ರತಿ ಪುಸ್ತಕವೂ ಕೈಕಚ್ಚುತ್ತದೆ. ಬೊಬ್ಬೆ ಹೊಡೆದವರ ಅಂಕಿ ತಪ್ಪಿತ್ತು, ಭಯ ತಪ್ಪಿರಲಿಲ್ಲ.

ಇಷ್ಟಾದರೂ ನಿಜವಾದ ಗಂಟು ಇದ್ದದ್ದು ಹಳೆಯ ಪರವಾನಗಿಯ ಒಂಬತ್ತನೇ ಷರತ್ತಿನಲ್ಲಿ. ಕಂಪನಿ ಹೊಸ ರೂಪಗಳನ್ನು ಹೊರಡಿಸಬಹುದು, ನೀವು 'ಅಧಿಕೃತ'ವಾದ ಯಾವ ರೂಪವನ್ನಾದರೂ ಬಳಸಬಹುದು ಎಂದು ಅದರ ತಾತ್ಪರ್ಯ. ಹಳೆಯದನ್ನು ಇನ್ನು ಅಧಿಕೃತವಲ್ಲ ಎಂದು ಸಾರಿದರೆ? ಕರಡು ಹಿಡಿದದ್ದು ಆ ಸಂದನ್ನೇ. ನಾಲ್ಕನೇ ಷರತ್ತಿನಲ್ಲಿ 'ಶಾಶ್ವತ' ಎಂದಿದೆಯಲ್ಲ ಎಂದು ಅಭಿಮಾನಿಗಳ ವಾದ. ಇದೆ, ಆದರೆ 'ಹಿಂಪಡೆಯಲಾಗದ್ದು' ಎಂಬ ಮಾತು ಇಲ್ಲ. ಅವಧಿ ಗೊತ್ತುಮಾಡದೆ ಮನೆ ಬಾಡಿಗೆಗೆ ಕೊಟ್ಟದ್ದಕ್ಕೂ, ಎಂದಿಗೂ ಬಿಡಿಸುವುದಿಲ್ಲ ಎಂದು ಬರೆದುಕೊಟ್ಟದ್ದಕ್ಕೂ ವಕೀಲರ ಕಣ್ಣಲ್ಲಿ ಅಂತರವಿದೆ. ಈ ವಾದ ನ್ಯಾಯಾಲಯದ ತೀರ್ಪಿನ ತನಕ ಹೋಗಲೇ ಇಲ್ಲ. ಓದುಗರು ಕಂಪನಿಯ ಆನ್‌ಲೈನ್ ಚಂದಾ ರದ್ದು ಮಾಡತೊಡಗಿದರು. ಕರಡನ್ನು ತಿದ್ದಿ ಕಂಪನಿಯೇ ನಡೆಸಿದ ಸಮೀಕ್ಷೆಗೆ 15,000ಕ್ಕೂ ಹೆಚ್ಚು ಉತ್ತರ ಬಂದು, ಅದರಲ್ಲಿ ಶೇ. 88 ಜನ ತಿದ್ದಿದ ಕರಡಿನಡಿಯಲ್ಲೂ ಪ್ರಕಟಿಸಲೊಲ್ಲೆವು ಎಂದರು. ಜನವರಿ 27ಕ್ಕೆ ಕಂಪನಿ ಹಿಂದೆ ಸರಿಯಿತು. ಸುಮಾರು 400 ಪುಟದ ನಿಯಮ ಬರಹವನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಬಳಕೆಯ ಪರವಾನಗಿಯ ಅಡಿ ಬಿಟ್ಟುಕೊಟ್ಟಿತು. ಆ ಪರವಾನಗಿಯಲ್ಲಿ 'ಹಿಂಪಡೆಯಲಾಗದ್ದು' ಎಂಬ ಪದ ಸ್ಪಷ್ಟವಾಗಿ ಇದೆ.

ವಿಮರ್ಶಕರನ್ನು ಅಳೆಯಲು ನನ್ನ ಒರೆಗಲ್ಲು ಸಣ್ಣದು. ಷರತ್ತಿನ ಸಂಖ್ಯೆ ಹೇಳುತ್ತಾರಾ? ಪುಸ್ತಕ ಪುಕ್ಕಟೆ ಬಂದಿದ್ದರೆ ಬಾಯಿಬಿಡುತ್ತಾರಾ? ಆಡಿದ್ದಾರಾ, ಪುಟ ತಿರುವಿದ್ದಾರಾ? ಹತ್ತನೇ ಹಂತದ ಪಾತ್ರಗಳ ಕಾಳಗ ಎಳೆಯುತ್ತದೆ ಎಂಬುದು ಪುಟ ತಿರುವಿದರೆ ತಿಳಿಯುವುದಿಲ್ಲ, ಮೇಜಿಗೆ ಕೂತರೆ ಮೂರನೇ ಸುತ್ತಿಗೆ ತಿಳಿಯುತ್ತದೆ.

ಕನ್ನಡಕ್ಕೆ ತರಬಹುದಾ ಎಂದು ಸಭೆಯಿಂದ ಚೀಟಿ ಬಂದಿದೆ. ಆ 400 ಪುಟವನ್ನು ಧಾರಾಳವಾಗಿ ತರಬಹುದು, ಮಾರಲೂಬಹುದು. ಮೂಲದವರು ಸೂಚಿಸಿದ ಹೆಸರಿನ ಸಾಲನ್ನು ಹಾಕಿ, ಪರವಾನಗಿಯ ಕೊಂಡಿ ಕೊಡಿ, ಅನುವಾದಿಸಿ ಬದಲಿಸಿದ್ದೇವೆ ಎಂದು ಬರೆಯಿರಿ. ಅವರ ಲಾಂಛನವನ್ನು ರಕ್ಷಾಪುಟಕ್ಕೆ ಹಾಕಬೇಡಿ. 'ಸೇವಿಂಗ್ ಥ್ರೋ', ಅಂದರೆ ಅಪಾಯದಿಂದ ಪಾರಾಗಲು ಉರುಳಿಸುವ ದಾಳ, ಇದಕ್ಕೆ ಕನ್ನಡ ಏನು ಎಂಬುದಕ್ಕೆ ಮಾತ್ರ ಯಾವ ಪರವಾನಗಿಯೂ ನೆರವಾಗದು. 'ಪಾರುದಾಳ' ನನ್ನ ಸಲಹೆ. ಜಗಳ ಶುರು ಮಾಡಬಹುದು.